ಮಾರ್ವಿನ್ ಗೇ: ಬಾಳು, ಗಾನ ಮತ್ತು ಪರಂಪರೆ

೧

ಕಲಾವಿದನ ಎದೆಯ ನೋವೇ ಆತನ ಕಲೆಯ ಮೂಲವೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಬೇರೂರಿರುವಂಥದು. ಬಾಳು ಬೆಂದಷ್ಟೂ ಹಾಡು ಹದಗೊಳ್ಳುವುದೆಂದು ಜನ ಹೇಳುತ್ತಾರೆ; ಜೀವನಚರಿತ್ರೆಗಳನ್ನು ಬರೆಯುವವರೂ ಬಹುಮಟ್ಟಿಗೆ ಅದನ್ನೇ ಬರೆಯುತ್ತಾರೆ. ಈ ಮಾತಿಗೆ ಅಮೆರಿಕದ ಗಾಯಕ ಮಾರ್ವಿನ್ ಗೇ ಎಂಬಾತನ ಹೆಸರು ಪದೇ ಪದೇ ಸಾಕ್ಷಿಯಾಗಿ ಬರುವುದುಂಟು. ೧೯೮೪ನೆಯ ಇಸವಿ ಏಪ್ರಿಲ್ ೧ರಂದು, ನಲವತ್ತೈದನೆಯ ಹುಟ್ಟುಹಬ್ಬಕ್ಕೆ ಒಂದು ದಿನವಷ್ಟೇ ಉಳಿದಿರುವಾಗ, ಲಾಸ್ ಏಂಜಲಿಸ್ ನಗರದಲ್ಲಿ ತಂದೆತಾಯಿಗಳಿಗಾಗಿ ತಾನೇ ಕೊಂಡುಕೊಟ್ಟಿದ್ದ ಮನೆಯಲ್ಲಿ, ತಂದೆಯ ಕೈಯ ಗುಂಡಿಗೆ ಅವನು ಬಲಿಯಾದನು. ಅಂತ್ಯದ ಈ ಘೋರತೆಯು ಅವನ ಇಡೀ ಬಾಳಿನ ಮೇಲೆ ನೆರಳು ಚೆಲ್ಲಿದೆ. ಅವನ ಹಾಡುಗಳನ್ನೆಲ್ಲ ಆ ಒಂದು ದಿನದ ಮುನ್ಸೂಚನೆಗಳೆಂಬಂತೆ ಕೇಳುವ ಅಭ್ಯಾಸವೂ ಬೆಳೆದುಬಂದಿದೆ.

ಚರಿತ್ರೆಯ ಕೆಲಸ ಇದಕ್ಕಿಂತ ಬೇರೆ. ಯಾವ ಕೃತಿ ಯಾವ ವರ್ಷದಲ್ಲಿ, ಯಾರ ನೆರವಿನಿಂದ, ಯಾರ ಹಣದಿಂದ, ಮನಸ್ಸಿನ ಯಾವ ಸ್ಥಿತಿಯಲ್ಲಿ ಹುಟ್ಟಿತೆಂಬುದನ್ನು ಒಂದೊಂದಾಗಿ ಜೋಡಿಸಿ ನೋಡಿದರೆ, ನೋವು ಆ ಕಲೆಗೆ ಎಷ್ಟನ್ನು ಕೊಟ್ಟಿತು, ಅದರಿಂದ ಎಷ್ಟನ್ನು ಕಿತ್ತುಕೊಂಡಿತು ಎಂಬ ಲೆಕ್ಕ ಸ್ಪಷ್ಟವಾದೀತು. ಪ್ರಕೃತ ಲೇಖನದ ಉದ್ದೇಶ ಇಷ್ಟೇ.

ಮಾರ್ವಿನನು ಹಾಡಿದ ಸಂಗೀತಪ್ರಕಾರಕ್ಕೆ 'ಸೋಲ್' ಎಂದು ಹೆಸರು. ಆ ಮಾತಿಗೆ ಆತ್ಮ ಎಂದು ಅರ್ಥ. ಕಪ್ಪು ಅಮೆರಿಕನ್ನರ ಇಗರ್ಜಿಗಳಲ್ಲಿ ಬೆಳೆದ 'ಗಾಸ್ಪೆಲ್' ಎಂಬ ಭಕ್ತಿಗಾನವೂ, ಅವರದೇ ಬೀದಿ ಮತ್ತು ಪಾನಗೃಹಗಳಲ್ಲಿ ಬೆಳೆದ 'ರಿದಂ ಅಂಡ್ ಬ್ಲೂಸ್' ಎಂಬ ಲೌಕಿಕ ಸಂಗೀತವೂ ಕೂಡಿದಾಗ ಇದು ಹುಟ್ಟಿತು. ಭಜನೆಯಲ್ಲಿರುವಂತೆ ಮುಂದಾಳು ಒಂದು ಸಾಲನ್ನು ಎತ್ತಿಕೊಡುವುದು, ಕೂಟವೆಲ್ಲ ಅದಕ್ಕೆ ಮರುದನಿ ನೀಡುವುದು, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆದು ಹಾಡುವುದು, ಆವೇಶ ಏರಿದಾಗ ಮಾತನ್ನು ಬಿಟ್ಟು ಬರಿಯ ಕೂಗಿಗೆ ತೊಡಗುವುದು, ಇವೆಲ್ಲ ಇಗರ್ಜಿಯಿಂದ ಬಂದ ಆಸ್ತಿ. ರೇ ಚಾರ್ಲ್ಸ್ ೧೯೫೪ರಲ್ಲಿ ಭಕ್ತಿಗೀತೆಯೊಂದರ ಧಾಟಿಗೆ ಪ್ರಣಯದ ಮಾತುಗಳನ್ನು ಜೋಡಿಸಿ ಹಾಡಿದನು. ಗಾಸ್ಪೆಲ್ ತಂಡದ ಮೆಚ್ಚಿನ ಗಾಯಕನಾಗಿದ್ದ ಸ್ಯಾಮ್ ಕುಕ್ ೧೯೫೭ರಲ್ಲಿ ಆ ತಂಡವನ್ನು ತೊರೆದು ಪ್ರೇಮಗೀತೆಗಳಿಗೆ ಬಂದನು. ಇಗರ್ಜಿಯ ಹಿರಿಯರಿಗೆ ಇದು ದೇವರ ಸೊತ್ತಿನ ಅಪಹಾರವಾಗಿ ಕಂಡಿತು; ಕಿರಿಯರಿಗೆ ಬಿಡುಗಡೆಯಾಗಿ ಕಂಡಿತು. ಮಾರ್ವಿನ್ ಗೇ ಹುಟ್ಟಿದ ಮನೆಯಲ್ಲಿ ಈ ಎರಡು ಕಡೆಗಳ ಜಗಳ ಒಂದೇ ಸೂರಿನ ಕೆಳಗೆ ನಡೆಯಿತು.

೨

ಮಾರ್ವಿನನು ಹುಟ್ಟಿದುದು ೧೯೩೯ನೆಯ ಏಪ್ರಿಲ್ ೨ರಂದು, ವಾಷಿಂಗ್ಟನ್ ನಗರದಲ್ಲಿ. ತಂದೆಯ ಹೆಸರೂ ಮಾರ್ವಿನ್ ಎಂದೇ. ಕೆಂಟಕಿ ಪ್ರಾಂತದಿಂದ ಬಂದಿದ್ದ ಈತನು 'ಹೌಸ್ ಆಫ್ ಗಾಡ್' ಎಂಬ ಸಣ್ಣ ಕ್ರೈಸ್ತ ಪಂಥದ ಪುರೋಹಿತ. ಯೆಹೂದ್ಯರಂತೆ ಶನಿವಾರವನ್ನು ಪವಿತ್ರ ದಿನವಾಗಿ ಪಾಲಿಸುವ, ಆಹಾರವಿಹಾರಗಳಲ್ಲಿ ಕಟ್ಟುನಿಟ್ಟಾದ ಪಂಥವದು. ತಾಯಿ ಆಲ್ಬರ್ಟಾ ಪರರ ಮನೆಗಳಲ್ಲಿ ಕೆಲಸ ಮಾಡಿ ಸಂಸಾರವನ್ನು ಸಾಕಿದಳು. ತಂದೆಗೆ ಸ್ಥಿರವಾದ ಸಂಪಾದನೆಯಿರಲಿಲ್ಲ. ಮಕ್ಕಳನ್ನು ಹೊಡೆಯುವುದರಲ್ಲಿ ಮಾತ್ರ ನಿಯಮ ತಪ್ಪುತ್ತಿರಲಿಲ್ಲ. ಮಾರ್ವಿನನಿಗೆ ಬಿದ್ದ ಪೆಟ್ಟುಗಳ ವಿಷಯವನ್ನು ಅವನೂ ಅವನ ಒಡಹುಟ್ಟಿದವರೂ ಮುಂದೆ ಹಲವು ಬಾರಿ ಹೇಳಿದ್ದಾರೆ. ಆದರೆ ಅದೇ ತಂದೆಯ ಪ್ರಾರ್ಥನಾಮಂದಿರದಲ್ಲಿಯೇ ಹುಡುಗನು ಎಳೆವೆಯಲ್ಲಿ ಹಾಡಲು ಕಲಿತುದು. ಪಿಯಾನೋ ಮುಟ್ಟಿದುದೂ ಅಲ್ಲಿಯೇ. ಹೊಡೆದ ಕೈಯೂ ಹಾಡು ಕಲಿಸಿದ ಗುಡಿಯೂ ಒಬ್ಬನದೇ ಆದುದರಿಂದ, ಭಕ್ತಿ ಮತ್ತು ಭಯಗಳು ಅವನ ಮನಸ್ಸಿನಲ್ಲಿ ಕೊನೆಯವರೆಗೂ ಬೇರೆಯಾಗಲಿಲ್ಲ.

ಮನೆಯಿಂದ ಪಾರಾಗಲೆಂದು ೧೯೫೬ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅವನು ವಾಯುಪಡೆಗೆ ಸೇರಿದನು. ಅಲ್ಲಿಯೂ ಆಜ್ಞೆ ಪಾಲಿಸುವುದು ಒಗ್ಗಲಿಲ್ಲ; ಮರುವರ್ಷವೇ ಬಿಡುಗಡೆ ಹೊಂದಿ ಹಿಂದಿರುಗಿದನು. ಆ ಬಳಿಕ 'ಮಾರ್ಕೀಸ್' ಎಂಬ ಗಾಯನತಂಡ; ಅನಂತರ ಹಾರ್ವಿ ಫೂಕ್ವಾ ಎಂಬ ಅನುಭವಿ ಗಾಯಕನ 'ಮೂನ್‌ಗ್ಲೋಸ್' ತಂಡ. ಹಲವು ಕಂಠಗಳನ್ನು ಒಂದರ ಮೇಲೊಂದು ಹೆಣೆಯುವ ವಿದ್ಯೆಯನ್ನು ಅವನು ಕಲಿತುದು ಫೂಕ್ವಾನಿಂದ. ಮುಂದೆ ಅವನ ಶ್ರೇಷ್ಠ ಕೃತಿಗಳ ಅಡಿಪಾಯವಾದ ವಿದ್ಯೆ ಇದೇ ಎಂಬುದನ್ನು ನೆನಪಿನಲ್ಲಿಡಬೇಕು. ೧೯೬೦ರ ಹೊತ್ತಿಗೆ ಗುರುಶಿಷ್ಯರಿಬ್ಬರೂ ಡೆಟ್ರಾಯಿಟ್ ನಗರಕ್ಕೆ ಬಂದರು.

೩

ಡೆಟ್ರಾಯಿಟ್ ಮೋಟಾರು ಕಾರುಗಳ ನಗರ. ೧೯೧೦ರಿಂದ ೧೯೭೦ರವರೆಗಿನ ಆರು ದಶಕಗಳಲ್ಲಿ ಸುಮಾರು ೬೦ ಲಕ್ಷ ಕಪ್ಪು ಜನರು ದಕ್ಷಿಣದ ಹೊಲಗದ್ದೆಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ಕೈಗಾರಿಕಾ ನಗರಗಳಿಗೆ ವಲಸೆ ಬಂದರು. ಡೆಟ್ರಾಯಿಟ್ ಅವರ ಮುಖ್ಯ ತಾಣಗಳಲ್ಲೊಂದು. ಬಂದವರು ತಮ್ಮ ಅಡಿಗೆ, ಆಡುನುಡಿ, ಪ್ರಾರ್ಥನೆಯ ಹಾಡು ಇವಿಷ್ಟನ್ನೂ ಕಟ್ಟಿಕೊಂಡು ಬಂದರು. ಹೊಸ ಊರಿನಲ್ಲಿ ಕೈಗೆ ನಾಲ್ಕು ಕಾಸು ಬಂದ ಮೇಲೆ, ಹಳೆಯ ಹಾಡೇ ಹೊಸ ರೂಪವನ್ನು ಬೇಡಿತು. ಊರು ಬಿಟ್ಟು ಬಂದು ನೆಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೇಡಿಕೆಯನ್ನು ಅರಿತವನು ಬೆರ್ರಿ ಗಾರ್ಡಿ. ಜಾಝ್ ಧ್ವನಿಮುದ್ರಿಕೆಗಳ ಅಂಗಡಿಯಿಟ್ಟು ನಷ್ಟಪಟ್ಟು, ಕಾರಿನ ಕಾರ್ಖಾನೆಯಲ್ಲಿ ಕೂಲಿ ಮಾಡಿದ್ದ ಈತನು ೧೯೫೯ರ ಜನವರಿಯಲ್ಲಿ ಧ್ವನಿಮುದ್ರಿಕೆಯ ಉದ್ಯಮ ಆರಂಭಿಸಿದನು. ಅವನ ಮೂಲ ಬಂಡವಾಳ ೮೦೦ ಡಾಲರುಗಳ ಸಾಲ. ಸಾಲ ಕೊಟ್ಟುದು ಯಾವ ಬ್ಯಾಂಕೂ ಅಲ್ಲ; ಗಾರ್ಡಿ ಮನೆತನದವರು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ ಕೂಡಿಟ್ಟಿದ್ದ ಕುಟುಂಬದ ಸಹಕಾರ ನಿಧಿ. ಸಣ್ಣ ಉಳಿತಾಯದ ನಿಧಿಗಳಿಂದ ದೊಡ್ಡ ಸಂಸ್ಥೆಗಳು ಹುಟ್ಟಿದ ಚರಿತ್ರೆಯನ್ನು ಬಲ್ಲ ವಾಚಕರು ಇದರ ಮಹತ್ತ್ವವನ್ನು ಗ್ರಹಿಸಬಲ್ಲರು. ಇದರಿಂದ ಬೆಳೆದ 'ಮೋಟೌನ್' ಸಂಸ್ಥೆ ೧೯೮೮ರಲ್ಲಿ ಪರರ ಕೈಗೆ ಮಾರಾಟವಾದಾಗ ಬಂದ ಬೆಲೆ ೬೧೦ ಲಕ್ಷ ಡಾಲರು.

ವೆಸ್ಟ್ ಗ್ರ್ಯಾಂಡ್ ಬುಲವಾರ್ಡ್ ಎಂಬ ಬೀದಿಯ ೨೬೪೮ನೆಯ ಸಂಖ್ಯೆಯ ಸಾಮಾನ್ಯ ಮನೆಯೇ ಅದರ ಕಾರ್ಯಾಲಯ. ಹಿಂಬದಿಯ ಕೊಠಡಿಯೇ ಧ್ವನಿಮುದ್ರಣಾಲಯ. ದಿನದ ೨೨ ಗಂಟೆಗಳ ಕಾಲ ಅಲ್ಲಿ ಕೆಲಸ ಸಾಗುತ್ತಿತ್ತು. ಕಾರು ಕಾರ್ಖಾನೆಯ ಕ್ರಮವನ್ನೇ ಗಾರ್ಡಿಯು ಹಾಡಿಗೂ ಅನ್ವಯಿಸಿದನು. ಕವಿ ಒಬ್ಬ, ರಾಗ ಹಾಕುವವ ಒಬ್ಬ, ಹಾಡುವವ ಒಬ್ಬ. ವಾದ್ಯಗಾರರು ಗೊತ್ತಾದ ಒಂದೇ ತಂಡದವರು. ಸಿದ್ಧವಾದ ಹಾಡನ್ನು ವಾರವಾರವೂ ಪರೀಕ್ಷಕರ ಸಭೆ ತೂಗಿ ನೋಡಬೇಕು. ಧ್ವನಿಮುದ್ರಿಕೆ, ಗೀತೆಗಳ ಹಕ್ಕುಸ್ವಾಮ್ಯ, ಕಲಾವಿದರ ವ್ಯವಹಾರದ ಉಸ್ತುವಾರಿ ಈ ಮೂರೂ ಒಂದೇ ಮನೆತನದ ಹಿಡಿತದಲ್ಲಿದ್ದುವು. ಗಾಯಕನಿಗೆ ಆಶ್ರಯವೂ ಅಲ್ಲಿಯೇ, ಅವನ ಲೆಕ್ಕವನ್ನು ಬರೆಯುವವರೂ ಅಲ್ಲಿಯೇ. ಸಂಸ್ಥೆಯ ಬಲ ಇದರಲ್ಲಿತ್ತು. ಮುಂದಿನ ಜಗಳಗಳ ಬೀಜವೂ ಇದರಲ್ಲಿತ್ತು.

ಮಾರ್ವಿನನು ಮೊದಲು ಇಲ್ಲಿ ಡ್ರಮ್ ಬಾರಿಸುವವನಾಗಿ ದುಡಿದನು. ೧೯೬೧ರಲ್ಲಿ ಪ್ರಸಿದ್ಧವಾದ 'ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್' ಎಂಬ ಹಾಡಿನ ಡ್ರಮ್ ಅವನದೇ. ನ್ಯಾಟ್ ಕಿಂಗ್ ಕೋಲ್, ಫ್ರ್ಯಾಂಕ್ ಸಿನಾತ್ರಾ ಇವರ ಹಾಗೆ ಕುಳಿತು ಮೆಲುದನಿಯಲ್ಲಿ ಹಾಡುವ ಗಾಯಕನಾಗಬೇಕೆಂಬುದು ಅವನ ಹಂಬಲ. ಅಂಥ ಹಾಡುಗಳ ಮೊದಲನೆಯ ಧ್ವನಿಮುದ್ರಿಕೆ ೧೯೬೧ರಲ್ಲಿ ಹೊರಬಂದು ಸೋತಿತು. ೧೯೬೨ರಲ್ಲಿ 'ಸ್ಟಬರ್ನ್ ಕೈಂಡ್ ಆಫ್ ಫೆಲೋ' ಗೆದ್ದಿತು. ಹಟಮಾರಿ ಎಂಬರ್ಥದ ಆ ಹೆಸರು ಹಾಡಿದವನಿಗೂ ಒಪ್ಪುವಂತಿತ್ತು. ೧೯೬೪ರಲ್ಲಿ ಮಾರ್ತಾ ಮತ್ತು ವ್ಯಾಂಡೆಲಾಸ್ ತಂಡ ಹಾಡಿದ 'ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್' ರಚನೆಯಲ್ಲಿಯೂ ಅವನ ಪಾಲಿದೆ. ಇಷ್ಟರಲ್ಲಿ, ೧೯೬೩ರಲ್ಲಿ, ಗಾರ್ಡಿಯ ಅಕ್ಕ, ತನಗಿಂತ ಹದಿನೇಳು ವರ್ಷ ಹಿರಿಯಳಾದ ಅನ್ನಾಳನ್ನು ಅವನು ಮದುವೆಯಾಗಿದ್ದನು. ಒಡೆಯನೇ ಭಾವಮೈದುನನಾದನು. ಲಾಭದ ಸಂಬಂಧವೂ ರಕ್ತಸಂಬಂಧವೂ ಹೀಗೆ ಒಂದಕ್ಕೊಂದು ಸಿಕ್ಕುಹಾಕಿಕೊಂಡುವು.

೪

ಮಾರ್ವಿನನ ಯುಗಳಗೀತೆಗಳಲ್ಲಿ ಟ್ಯಾಮಿ ಟೆರೆಲ್ ಎಂಬ ತರುಣಿಯೊಡನೆ ಹಾಡಿದುವು ಅಗ್ರಗಣ್ಯ. ಆಶ್‌ಫರ್ಡ್ ಮತ್ತು ಸಿಂಪ್ಸನ್ ಎಂಬ ಜೋಡಿಕವಿಗಳು ಬರೆದ 'ಏಂಟ್ ನೋ ಮೌಂಟನ್ ಹೈ ಇನಫ್' ೧೯೬೭ರಲ್ಲಿ ಹೊರಬಂದಿತು. ಸಭಾಕಂಪದಿಂದ ನರಳುತ್ತಿದ್ದ ಮಾರ್ವಿನನಿಗೆ ಟ್ಯಾಮಿಯ ಸಹಜ ಲವಲವಿಕೆ ವೇದಿಕೆಯ ಮೇಲೆ ದೊಡ್ಡ ಆಧಾರವಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ವರ್ಜೀನಿಯ ಪ್ರಾಂತದ ಹ್ಯಾಂಪ್ಡೆನ್-ಸಿಡ್ನಿ ಕಾಲೇಜಿನಲ್ಲಿ ಹಾಡುತ್ತಿರುವಾಗಲೇ ಆಕೆ ಅವನ ತೋಳುಗಳಲ್ಲಿ ಕುಸಿದುಬಿದ್ದಳು. ಮೆದುಳಿನಲ್ಲಿ ಗಡ್ಡೆಯಿರುವುದು ಪತ್ತೆಯಾಯಿತು. ಹಲವು ಶಸ್ತ್ರಚಿಕಿತ್ಸೆಗಳಾದರೂ ಗುಣವಾಗದೆ ೧೯೭೦ರ ಮಾರ್ಚ್ ೧೬ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ವಿಚಿತ್ರವೆಂದರೆ ಈ ದುಃಖದ ನಡುವೆಯೇ ಅವನಿಗೆ ಅತಿದೊಡ್ಡ ಜಯ ದೊರಕಿತು. ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್ ರಚಿಸಿದ 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ೧೯೬೮ರ ಡಿಸೆಂಬರಿನಿಂದ ಏಳು ವಾರಗಳ ಕಾಲ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿತ್ತು. ಅದುವರೆಗೆ ಮೋಟೌನ್ ಮಾರಿದ ಹಾಡುಗಳಲ್ಲೆಲ್ಲ ಅತಿ ಹೆಚ್ಚು ಮಾರಾಟ ಅದರದೇ ಆಯಿತು. ಪ್ರಿಯಳ ವಂಚನೆಯ ಸುದ್ದಿಯನ್ನು ಪರರ ಬಾಯಿಂದ ಕೇಳಿದವನ ಸಂಕಟ ಅದರ ವಸ್ತು. ವಿಟ್‌ಫೀಲ್ಡನು ಬೇಕೆಂದೇ ಮಾರ್ವಿನನ ಸಹಜ ಶ್ರುತಿಗಿಂತ ಮೇಲಿನ ಶ್ರುತಿಯಲ್ಲಿ ಹಾಡಿಸಿದುದರಿಂದ ಕಂಠಕ್ಕೆ ಒಂದು ಬಗೆಯ ಬಿರುಸು ಬಂದಿದೆ. ಕೇಳುವವರು ಅದನ್ನು ಗಾಯಕನ ಸ್ವಂತ ನೋವೆಂದು ತಿಳಿಯುವುದು ಸಹಜ. ಅದರಲ್ಲಿ ಪಕ್ವ ಸಂಯೋಜಕನೊಬ್ಬನ ಲೆಕ್ಕಾಚಾರವೂ ಇದೆ. ಇದೇ ಹಾಡನ್ನು ಗ್ಲ್ಯಾಡಿಸ್ ನೈಟ್ ಹಿಂದಿನ ವರ್ಷವೇ ಬೇರೆ ನಡಿಗೆಯಲ್ಲಿ ಹಾಡಿ ಯಶಸ್ಸು ಪಡೆದಿದ್ದಳೆಂಬುದನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಜಯ ಅವನಿಗೆ ಸುಖವನ್ನು ತರಲಿಲ್ಲ. ಅವನು ವೇದಿಕೆಯಿಂದ ದೂರ ಸರಿದನು, ದಾಂಪತ್ಯ ಒಡೆಯುತ್ತಿತ್ತು, ಬದುಕಿನಲ್ಲಿ ಜುಗುಪ್ಸೆ ಬಂದಿತ್ತು. ೧೯೭೦ರಲ್ಲಿ ಗಾಯನವನ್ನೇ ಬಿಟ್ಟು ಡೆಟ್ರಾಯಿಟಿನ ಲಯನ್ಸ್ ಫುಟ್‌ಬಾಲ್ ತಂಡಕ್ಕೆ ಸೇರಲು ಪ್ರಯತ್ನಪಟ್ಟನು. ತಂಡದಲ್ಲಿ ಸ್ಥಾನ ಸಿಗಲಿಲ್ಲ, ಗೆಳೆಯರು ಸಿಕ್ಕಿದರು.

೫

'ವಾಟ್ಸ್ ಗೋಯಿಂಗ್ ಆನ್' ಎಂಬ ಕೃತಿಯ ಹುಟ್ಟನ್ನು ಕೊಂಚ ವಿವರವಾಗಿ ನೋಡಬೇಕು. ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಮುಖ್ಯವಾಗಿ ಇಲ್ಲಿದೆ.

೧೯೬೯ರ ಮೇ ೧೫ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪೀಪಲ್ಸ್ ಪಾರ್ಕ್ ಎಂಬ ಬಯಲಿನ ವಿಷಯವಾಗಿ ತರುಣರಿಗೂ ಪೊಲೀಸರಿಗೂ ಘರ್ಷಣೆಯಾಗಿ ಗುಂಡು ಹಾರಿತು. ಸಂಗೀತ ಪ್ರವಾಸದಲ್ಲಿದ್ದ 'ಫೋರ್ ಟಾಪ್ಸ್' ತಂಡದ ಓಬಿ ಬೆನ್ಸನ್ ಅಲ್ಲಿನ ಹಿಂಸೆಯನ್ನು ಕಣ್ಣಾರೆ ಕಂಡು ಕಳವಳಗೊಂಡನು. ಏನು ನಡೆಯುತ್ತಿದೆ ಎಂಬ ಅವನ ಉದ್ಗಾರವೇ ಆಲ್ ಕ್ಲೀವ್‌ಲೆಂಡ್ ಎಂಬ ಗೀತಕಾರನ ಜೊತೆಗೂಡಿ ಹಾಡಿನ ಮೊದಲ ರೂಪವನ್ನು ಪಡೆಯಿತು. ಬೆನ್ಸನ್ನನ ತಂಡದವರು ಪ್ರತಿಭಟನೆಯ ಹಾಡು ತಮಗೆ ಬೇಡವೆಂದರು. ಅದು ಮಾರ್ವಿನನ ಬಳಿಗೆ ಬಂದಿತು. ಅವನು ರಾಗವನ್ನು ತಿದ್ದಿದನು, ಮಾತುಗಳನ್ನು ಸೇರಿಸಿದನು, ಹಾಡು ಅವನದಾಯಿತು. ಅವನ ಮನಸ್ಸಿನಲ್ಲಿದ್ದುದು ತಮ್ಮ ಫ್ರ್ಯಾಂಕಿ. ವಿಯೆಟ್ನಾಂ ಯುದ್ಧದಿಂದ ಮರಳಿದ ತಮ್ಮನು ಅಲ್ಲಿ ಕಂಡುದನ್ನು ಹೇಳಿದಾಗ ಅಣ್ಣತಮ್ಮಂದಿರು ಕೂಡಿ ಅತ್ತರೆಂದು ಹೇಳುವುದುಂಟು. ಡೆಟ್ರಾಯಿಟ್ ನಗರವೇ ೧೯೬೭ರ ಜುಲೈ ತಿಂಗಳಲ್ಲಿ ಐದು ದಿನಗಳ ದಂಗೆಯಲ್ಲಿ ಹೊತ್ತಿ ಉರಿದು ೪೩ ಮಂದಿ ಸತ್ತಿದ್ದರು.

೧೯೭೦ರ ಬೇಸಗೆಯಲ್ಲಿ ಹಾಡಿನ ಮುದ್ರಣವಾಯಿತು. ಹೊರತರಲು ಗಾರ್ಡಿ ಒಪ್ಪಲಿಲ್ಲ. ರಾಜಕೀಯದ ಹಾಡು ಪ್ರಣಯಗಾಯಕನ ಮಾರುಕಟ್ಟೆಯನ್ನು ಕೆಡಿಸುವುದೆಂದು ಅವನ ಭಯ. ವ್ಯಾಪಾರದ ದೃಷ್ಟಿಯಿಂದ ಅದು ಅರ್ಥವಿಲ್ಲದ ಭಯವೂ ಅಲ್ಲ. ಇದು ಹೊರಬರುವವರೆಗೆ ಬೇರೇನನ್ನೂ ಹಾಡುವುದಿಲ್ಲವೆಂದು ಮಾರ್ವಿನನು ಪಟ್ಟುಹಿಡಿದನು. ೧೯೭೧ರ ಜನವರಿಯಲ್ಲಿ ಸಂಸ್ಥೆಯ ಇತರ ಅಧಿಕಾರಿಗಳ ಪ್ರಯತ್ನದಿಂದ ಹಾಡು ಹೊರಬಂದು ಎಲ್ಲರೂ ಬೆರಗಾಗುವಷ್ಟು ಮಾರಾಟವಾಯಿತು. ಕೂಡಲೇ ಇಡೀ ದೀರ್ಘಮುದ್ರಿಕೆಗೆ ಬೇಡಿಕೆ ಬಂದಿತು. ಉಳಿದ ಹಾಡುಗಳ ಮುದ್ರಣ ಮುಖ್ಯವಾಗಿ ಮಾರ್ಚ್ ತಿಂಗಳ ಕೆಲವೇ ದಿನಗಳಲ್ಲಿ ನಡೆಯಿತು. ೧೯೭೧ರ ಮೇ ೨೧ರಂದು ಕೃತಿ ಪ್ರಕಟವಾಯಿತು.

ಒಂಬತ್ತು ಹಾಡುಗಳು ನಡುವೆ ಬಿಡುವಿಲ್ಲದೆ ಒಂದರೊಳಗೊಂದು ಹರಿಯುತ್ತವೆ. ಯುದ್ಧದಿಂದ ಮನೆಗೆ ಮರಳಿದ ಯೋಧನೊಬ್ಬನು ತನ್ನ ನಾಡಿನಲ್ಲಿ ಕಾಣುವುದು ಅವುಗಳ ವಸ್ತು: ನಿರುದ್ಯೋಗ, ಮಾದಕದ್ರವ್ಯ, ಕೊಳೆಯಾದ ಗಾಳಿನೀರು, ಮಕ್ಕಳ ಭವಿಷ್ಯ, ಕೊನೆಗೆ ದೇವರ ಕರುಣೆ. ಪ್ರಕೃತಿಯ ನಾಶವನ್ನು ಕುರಿತ 'ಮರ್ಸಿ ಮರ್ಸಿ ಮಿ' ಜನಪ್ರಿಯ ಸಂಗೀತದಲ್ಲಿ ಆ ವಸ್ತುವಿನ ಮೊದಮೊದಲ ಹಾಡುಗಳಲ್ಲೊಂದು. ಧಾಟಿಯಲ್ಲಿ ರೋಷವಿಲ್ಲ, ಇಗರ್ಜಿಯಲ್ಲಿ ಬೇಡಿಕೊಳ್ಳುವವನ ವಿನಯವಿದೆ. ತಂದೆಯ ಮಂದಿರದಿಂದ ಓಡಿಹೋದ ಮಗನು ಅಲ್ಲಿಯ ಪ್ರಾರ್ಥನೆಯನ್ನು ಬೀದಿಯ ಜನರಿಗಾಗಿ ಹಾಡಿದಂತಿದೆ.

ಇದು ಒಬ್ಬನ ಕೃತಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ವಾದ್ಯಸಂಯೋಜನೆ ಡೇವಿಡ್ ವ್ಯಾನ್ ಡೆಪಿಟ್ ಎಂಬಾತನದು. ಬೇಸ್ ಗಿಟಾರಿನ ನಡೆ ಜೇಮ್ಸ್ ಜೇಮರ್ಸನ್ನನದು. ಹಿನ್ನೆಲೆಯಲ್ಲಿ ಕೇಳುವ ಗೆಳೆಯರ ಹರಟೆಯಲ್ಲಿ ಲಯನ್ಸ್ ತಂಡದ ಆಟಗಾರರ ದನಿಗಳೂ ಇವೆ. ಹತ್ತು ವರ್ಷಗಳಿಂದ ಮೋಟೌನ್ ಹಾಡುಗಳಿಗೆಲ್ಲ ಬಾರಿಸಿದ್ದ 'ಫಂಕ್ ಬ್ರದರ್ಸ್' ವಾದ್ಯಗಾರರ ಹೆಸರುಗಳು ಮೋಟೌನಿನ ಮುದ್ರಿಕೆಯೊಂದರ ಹೊದಿಕೆಯ ಮೇಲೆ ಅಚ್ಚಾದುದು ಇದೇ ಮೊದಲು. ಒಬ್ಬನೇ ಗಾಯಕನ ಎರಡು ದನಿಗಳು ಒಟ್ಟಿಗೆ ಕೇಳುವ ಪ್ರಸಿದ್ಧ ವಿಧಾನವೂ ಆಕಸ್ಮಿಕ. ಆಯ್ಕೆಗಾಗಿ ಬೇರೆ ಬೇರೆಯಾಗಿ ಹಾಡಿದ್ದ ಎರಡು ಆವೃತ್ತಿಗಳನ್ನು ತಂತ್ರಜ್ಞನು ತಪ್ಪಿ ಒಮ್ಮೆಗೇ ಕೇಳಿಸಿದನು. ಮಾರ್ವಿನನು ಅದನ್ನು ಹಾಗೆಯೇ ಉಳಿಸಿಕೊಂಡನು. ಫೂಕ್ವಾನಿಂದ ಕಲಿತ ಕಂಠಗಳ ಹೆಣಿಗೆಯನ್ನು ಅವನು ಈಗ ತನ್ನೊಬ್ಬನ ದನಿಯಿಂದಲೇ ಸಾಧಿಸಿದನು. ನುಣುಪಾದ ಮಧ್ಯಸ್ಥಾಯಿ, ಗಾಸ್ಪೆಲ್ ಗಾಯಕನ ಒರಟು ಕೂಗು, ಹೆಂಗಂಠದಂತಹ ತಾರಸ್ಥಾಯಿ, ಈ ಮೂರು ದನಿಗಳೂ ತಮ್ಮತಮ್ಮಲ್ಲಿಯೇ ಮಾತಾಡಿಕೊಳ್ಳುತ್ತವೆ. ಒಡೆದ ಮನಸ್ಸಿನ ಲಕ್ಷಣವೆಂದು ಇದನ್ನು ವಿವರಿಸುವವರಿದ್ದಾರೆ. ಅದು ಕಸುಬಿನ ಲಕ್ಷಣ ಎಂದರೆ ಸತ್ಯಕ್ಕೆ ಹೆಚ್ಚು ಸಮೀಪ.

೬

ಈ ಜಯದಿಂದ ಮಾರ್ವಿನನಿಗೆ ತನ್ನ ಕೃತಿಗಳ ಮೇಲೆ ತನ್ನದೇ ಅಧಿಕಾರ ದೊರಕಿತು. ೧೯೭೩ರ 'ಲೆಟ್ಸ್ ಗೆಟ್ ಇಟ್ ಆನ್' ಪ್ರಣಯಗೀತೆಗೆ ಭಕ್ತಿಗಾನದ ಆರ್ತತೆಯನ್ನು ತಂದಿತು. ಆದರೆ ೧೯೭೨ರಲ್ಲಿ ಮೋಟೌನ್ ಸಂಸ್ಥೆ ಲಾಸ್ ಏಂಜಲಿಸ್‌ಗೆ ಸ್ಥಳಾಂತರಗೊಂಡು ಡೆಟ್ರಾಯಿಟಿನ ಕೂಟ ಚದುರಿಹೋಗಿತ್ತು. ಸಿರಿಯ ಜೊತೆಗೆ ಕೊಕೇನ್ ಚಟವೂ ಬೆಳೆಯಿತು. ತೆರಿಗೆ ಕಟ್ಟುವುದರಲ್ಲಿ ಉದಾಸೀನ. ಕಾರ್ಯಕ್ರಮಗಳನ್ನು ಒಪ್ಪಿಕೊಂಡು ಕೊನೆಯ ಗಳಿಗೆಯಲ್ಲಿ ಕೈಬಿಡುವ ಅಭ್ಯಾಸ.

ಅನ್ನಾಳೊಡನೆ ವಿಚ್ಛೇದನ ೧೯೭೭ರಲ್ಲಿ ಇತ್ಯರ್ಥವಾಯಿತು. ಲಕ್ಷಗಟ್ಟಲೆ ಗಳಿಸಿದವನ ಬಳಿ ಜೀವನಾಂಶಕ್ಕೆ ಹಣವಿರಲಿಲ್ಲ. ಆಗ ಆದ ಒಪ್ಪಂದ ಹಣಕಾಸಿನ ಚರಿತ್ರೆಯಲ್ಲಿಯೇ ವಿಶಿಷ್ಟವಾದುದು. ಅವನ ಮುಂದಿನ ಧ್ವನಿಮುದ್ರಿಕೆಗೆ ಸಂಸ್ಥೆ ಕೊಡುವ ಮುಂಗಡ ೩,೦೫,೦೦೦ ಡಾಲರು, ಅದರ ಗೌರವಧನದಿಂದ ೨,೯೫,೦೦೦ ಡಾಲರು, ಒಟ್ಟು ೬,೦೦,೦೦೦ ಡಾಲರು ಅನ್ನಾಳಿಗೆ ಸಲ್ಲಬೇಕು. ಎಂದರೆ ಇನ್ನೂ ಹುಟ್ಟದ ಹಾಡುಗಳು ಒತ್ತೆಯಾದುವು. ಫಲವೆಲ್ಲ ಪರರಿಗೆ ಸೇರುವ ಬೆಳೆಯನ್ನು ಯಾರು ಶ್ರದ್ಧೆಯಿಂದ ಬೆಳೆದಾರು? ಕಾಟಾಚಾರಕ್ಕೆ ಏನಾದರೊಂದನ್ನು ಹಾಡಿ ಮುಗಿಸುವುದೇ ಮಾರ್ವಿನನ ಮೊದಲ ಸಂಕಲ್ಪವಾಗಿತ್ತು. ಹಾಡತೊಡಗಿದ ಮೇಲೆ ಕಲಾವಿದನು ಸಾಲಗಾರನನ್ನು ಗೆದ್ದನು. ೧೯೭೮ರ ಡಿಸೆಂಬರಿನಲ್ಲಿ ಬಂದ 'ಹಿಯರ್, ಮೈ ಡಿಯರ್' ತನ್ನ ದಾಂಪತ್ಯದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ, ನ್ಯಾಯಾಲಯ ವಕೀಲರ ಖರ್ಚುಗಳ ಸಮೇತವಾಗಿ, ಹಾಡಿದ ಎರಡು ಮುದ್ರಿಕೆಗಳ ಕೃತಿ. ಅಂದು ಅದನ್ನು ಕೊಂಡವರು ಕಡಿಮೆ. ವಿಮರ್ಶಕರು ಅದರ ಬೆಲೆ ತಿಳಿದುದು ಬಹಳ ತಡವಾಗಿ.

ಎರಡನೆಯ ಹೆಂಡತಿ ಜಾನಿಸ್‌ಳೊಡನೆ ೧೯೭೭ರಲ್ಲಿ ಆದ ಮದುವೆಯೂ ಬೇಗ ಮುರಿಯಿತು. ಸಾಲ ಮತ್ತು ತೆರಿಗೆಯ ಬಾಕಿಗಳಿಂದ ಓಡಿ ಮಾರ್ವಿನನು ಹವಾಯಿ ದ್ವೀಪಕ್ಕೆ, ಅಲ್ಲಿಂದ ಲಂಡನ್ನಿಗೆ ಹೋದನು. ಅವನು ತಿದ್ದುತ್ತಲೇ ಇದ್ದ ಮುದ್ರಿಕೆಯೊಂದನ್ನು ೧೯೮೧ರಲ್ಲಿ ಮೋಟೌನ್ ಅವನ ಒಪ್ಪಿಗೆಯಿಲ್ಲದೆ ಹೊರತಂದಿತು. ಇಪ್ಪತ್ತು ವರ್ಷಗಳ ಸಂಬಂಧ ಅಲ್ಲಿಗೆ ಹರಿಯಿತು. ಚಟ ಮತ್ತು ಅಲೆದಾಟಗಳ ಈ ವರ್ಷಗಳಲ್ಲಿ ಅವನು ತಾನೇ ಒಪ್ಪಿ ಮುಗಿಸಿಕೊಟ್ಟ ಕೃತಿ ಒಂದೂ ಇಲ್ಲವೆಂಬುದನ್ನು ಗಮನಿಸಬೇಕು.

೭

೧೯೮೧ರ ಫೆಬ್ರವರಿಯಲ್ಲಿ ಫ್ರೆಡ್ಡಿ ಕೌಸಾರ್ಟ್ ಎಂಬ ಬೆಲ್ಜಿಯಂ ದೇಶದ ಸಂಗೀತ ವ್ಯವಸ್ಥಾಪಕನು ಮಾರ್ವಿನನನ್ನು ಒಸ್ಟೆಂಡ್ ಎಂಬ ಕಡಲತೀರದ ಊರಿಗೆ ಕರೆತಂದನು. ಮೋಡ ಕವಿದ ಆಕಾಶ, ಚಳಿಗಾಳಿ, ಮೀನುಗಾರರ ಪಾನಗೃಹ. ಅಲ್ಲಿ ಅವನ ಕೀರ್ತಿಯನ್ನು ಬಲ್ಲವರು ಸ್ವಲ್ಪವೇ ಜನ. ಅವನು ತೀರದಲ್ಲಿ ಓಡಿದನು, ಮುಷ್ಟಿಯುದ್ಧದ ಅಭ್ಯಾಸ ಮಾಡಿದನು, ಚಟವನ್ನು ಬಹುಮಟ್ಟಿಗೆ ಹತೋಟಿಗೆ ತಂದನು. ಇದೇ ಊರಿನಲ್ಲಿ 'ಸೆಕ್ಷುಯಲ್ ಹೀಲಿಂಗ್' ರಚಿತವಾಯಿತು. ಓಡೆಲ್ ಬ್ರೌನ್ ಮತ್ತು ಡೇವಿಡ್ ರಿಟ್ಜ್ ಸಹಲೇಖಕರು. ಡ್ರಮ್ ವಾದಕನಾಗಿ ಕಸುಬು ಆರಂಭಿಸಿದವನು ಇಲ್ಲಿ ರೋಲಂಡ್ ೮೦೮ ಎಂಬ ತಾಳಯಂತ್ರದಿಂದ ಲಯವನ್ನು ಕಟ್ಟಿದನು. ಕೊಲಂಬಿಯಾ ಸಂಸ್ಥೆ ೧೯೮೨ರಲ್ಲಿ ಹೊರತಂದ ಈ ಹಾಡು ಕಪ್ಪು ಸಂಗೀತದ ಪಟ್ಟಿಯಲ್ಲಿ ಹತ್ತು ವಾರ ಮೊದಲನೆಯದಾಗಿತ್ತು. ೧೯೮೩ರಲ್ಲಿ ಅದು ತಂದ ಎರಡು ಗ್ರ್ಯಾಮಿ ಪ್ರಶಸ್ತಿಗಳೇ ಅವನ ಜೀವಿತಕಾಲದಲ್ಲಿ ಬಂದ ಮೊದಲನೆಯವೂ ಕೊನೆಯವೂ. ಅದೇ ಫೆಬ್ರವರಿಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವೊಂದರ ಮುನ್ನ, ತಾಳಯಂತ್ರದ ಮಂದಗತಿಯ ಲಯಕ್ಕೆ ಅಮೆರಿಕದ ರಾಷ್ಟ್ರಗೀತೆಯನ್ನು ಅವನು ಸೋಲ್ ಧಾಟಿಯಲ್ಲಿ ಹಾಡಿದಾಗ ಸಭೆ ಮೊದಲು ಮೌನವಾಗಿ, ಬಳಿಕ ಚಪ್ಪಾಳೆಯೊಡನೆ ಅವನನ್ನು ಕೂಡಿಕೊಂಡಿತು.

ತಾಯ್ನಾಡಿಗೆ ಮರಳಿದುದೇ ಅವನಿಗೆ ಮುಳುವಾಯಿತು. ೧೯೮೩ರ ಪ್ರವಾಸದಲ್ಲಿ ಕೊಕೇನ್ ಮತ್ತೆ ಹಿಡಿಯಿತು. ಯಾರೋ ತನ್ನನ್ನು ಕೊಲ್ಲುವರೆಂಬ ಭ್ರಮೆಯಿಂದ ಗುಂಡು ತಡೆಯುವ ಕವಚ ತೊಟ್ಟು ತಿರುಗಿದನು. ಪ್ರ‌ವಾಸ ಮುಗಿದ ಮೇಲೆ ತಂದೆತಾಯಿಗಳ ಮನೆ ಸೇರಿದನು. ಅದೇ ಭಯದಲ್ಲಿ, ಆ ವರ್ಷದ ಕ್ರಿಸ್ಮಸ್‌ಗೆ ತಂದೆಗೆ ತಾನೇ ಒಂದು ಪಿಸ್ತೂಲನ್ನು ಉಡುಗೊರೆ ಕೊಟ್ಟಿದ್ದನು. ವಿಮೆಯ ಕಾಗದವೊಂದರ ವಿಷಯವಾಗಿ ತಂದೆ ತಾಯಿಯ ಮೇಲೆ ರೇಗಿದುದು, ಮಗನು ತಾಯಿಯ ಪರ ನಿಂತು ತಂದೆಯ ಮೇಲೆ ಕೈಮಾಡಿದುದು, ತಂದೆ ಅದೇ ಪಿಸ್ತೂಲನ್ನು ತಂದುದು, ಇವೆಲ್ಲ ಪೊಲೀಸರ ದಾಖಲೆಗಳಿಗೆ ಸೇರಿದ ಸಂಗತಿಗಳು. ತಂದೆಯ ಮೆದುಳಿನಲ್ಲಿ ಗಡ್ಡೆಯಿರುವುದು ಬಂಧನದ ಬಳಿಕ ಪತ್ತೆಯಾಯಿತು. ಅವನು ಆರೋಪವನ್ನು ಪ್ರತಿಭಟಿಸಲಿಲ್ಲ. ೧೯೮೪ರ ನವೆಂಬರಿನಲ್ಲಿ ನ್ಯಾಯಾಲಯ ಆರು ವರ್ಷಗಳ ಸೆರೆಯನ್ನು ಅಮಾನತಿನಲ್ಲಿಟ್ಟು ಐದು ವರ್ಷಗಳ ನಡತೆಯ ಪರೀಕ್ಷೆಗೆ ಒಳಪಡಿಸಿತು. ೧೯೯೮ರಲ್ಲಿ ಅವನೂ ತೀರಿಕೊಂಡನು.

೮

ಮಾರ್ವಿನನು ಬಿಟ್ಟುಹೋದ ಪರಂಪರೆಯನ್ನು ಮೂರು ಬಗೆಯಾಗಿ ಎಣಿಸಬಹುದು.

ಮೊದಲನೆಯದು ಕಲಾವಿದನ ಸ್ವಾತಂತ್ರ್ಯ. ಅವನು ಬಾಗಿಲು ತೆರೆದ ೧೯೭೧ರಲ್ಲಿಯೇ ಇಪ್ಪತ್ತೊಂದು ತುಂಬಿದ ಸ್ಟೀವಿ ವಂಡರ್ ಮೋಟೌನಿನೊಡನೆ ಹೊಸ ಕರಾರು ಮಾಡಿಕೊಂಡು ತನ್ನ ಕೃತಿಗಳ ಹಿಡಿತವನ್ನು ಪಡೆದನು. ಆ ದಶಕದ ಅವನ ಸಾಧನೆ ಸರ್ವವಿದಿತ. ಬಿಡಿಹಾಡುಗಳ ಕಟ್ಟಾಗಿದ್ದ ಸೋಲ್ ಮುದ್ರಿಕೆ ಮಾರ್ವಿನನ ಬಳಿಕ ಒಂದು ವಿಚಾರದ ಸೂತ್ರದಲ್ಲಿ ಪೋಣಿಸಿದ ಕೃತಿಯಾಯಿತು.

ಎರಡನೆಯದು ಕಂಠದ ಸಾಧನೆ. ಒಂದೇ ದನಿಯನ್ನು ಹಲವಾಗಿ ಹೆಣೆಯುವ ಅವನ ಕ್ರಮ ಇಂದು ಜನಪ್ರಿಯ ಗಾಯನದ ಸಾಮಾನ್ಯ ವ್ಯಾಕರಣವಾಗಿದೆ. ಬಳಸುವವರಿಗೆ ಕರ್ತೃವಿನ ನೆನಪೂ ಇರುವುದಿಲ್ಲ. 'ವಾಟ್ಸ್ ಗೋಯಿಂಗ್ ಆನ್' ಕೃತಿಯನ್ನು ೨೦೦೩ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡಿತು. ೨೦೨೦ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ತನ್ನ ಐನೂರು ಶ್ರೇಷ್ಠ ಮುದ್ರಿಕೆಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿತು.

ಮೂರನೆಯದು, ಹಾಡೆಂಬುದು ಯಾವುದು, ಅದರ ಯಾವ ಭಾಗಕ್ಕೆ ಒಡೆತನವುಂಟು ಎಂಬ ಪ್ರಶ್ನೆ. ೨೦೧೩ರಲ್ಲಿ ಬಂದ 'ಬ್ಲರ್ಡ್ ಲೈನ್ಸ್' ಎಂಬ ಹಾಡು ಮಾರ್ವಿನನ ೧೯೭೭ರ 'ಗಾಟ್ ಟು ಗಿವ್ ಇಟ್ ಅಪ್' ಹಾಡಿನ ಅನುಕರಣವೆಂದು ಅವನ ಮಕ್ಕಳು ವಾದಿಸಿದರು. ೨೦೧೫ರಲ್ಲಿ ಜ್ಯೂರಿಯು ೭೦ ಲಕ್ಷ ಡಾಲರುಗಳಿಗೂ ಮಿಕ್ಕ ಪರಿಹಾರ ವಿಧಿಸಿತು. ಅದು ಸುಮಾರು ೫೩ ಲಕ್ಷಕ್ಕೆ ಇಳಿದು, ೨೦೧೮ರಲ್ಲಿ ಮೇಲ್ಮನವಿಯಲ್ಲಿಯೂ ಬಹುತೇಕ ಊರ್ಜಿತವಾಯಿತು. ಹಳೆಯ ಕಾಯಿದೆಗೆ ಒಳಪಟ್ಟ ಹಾಡಾದುದರಿಂದ, ನೋಂದಣಿಗೆಂದು ಸಲ್ಲಿಸಿದ್ದ ಸ್ವರಲಿಪಿಯ ಹಾಳೆಯಷ್ಟಕ್ಕೇ ರಕ್ಷಣೆಯೆಂದು ವಿಚಾರಣಾ ನ್ಯಾಯಾಲಯ ಎಣಿಸಿತ್ತು. ಮಾರ್ವಿನನಿಗಾದರೋ ಸ್ವರಲಿಪಿ ಸರಾಗವಾಗಿ ಬರುತ್ತಿರಲಿಲ್ಲ. ಆ ಹಾಳೆಯನ್ನು ಬರೆದವನು ಅವನಲ್ಲ. ಅವನ ಹಾಡಿನ ಜೀವಾಳವಾದ ದನಿ, ತಾಳದ ಒನಪು, ಹಿನ್ನೆಲೆಯ ಗೆಳೆಯರ ಗದ್ದಲ ಇವಾವುವೂ ಆ ಹಾಳೆಯಲ್ಲಿಲ್ಲ. ಬಾಯಿಂದ ಬಾಯಿಗೆ ಬಂದ ಸಂಗೀತವನ್ನು ಕಾಗದದ ಕಾನೂನು ಅಳೆಯಹೊರಟಾಗ ಆಗುವ ಪೇಚು ಇದು. ತೀರ್ಪನ್ನು ಮೆಚ್ಚಿದವರಿದ್ದಾರೆ, ಒಂದು ಹಾಡಿನ ಬನಿಗೇ ಒಡೆತನ ಬಂದರೆ ಮುಂದಿನವರು ಕಲಿಯುವುದಾದರೂ ಹೇಗೆಂದು ಅಂಜಿದವರೂ ಇದ್ದಾರೆ. 'ಲೆಟ್ಸ್ ಗೆಟ್ ಇಟ್ ಆನ್' ಹಾಡಿನ ಸಹಲೇಖಕ ಎಡ್ ಟೌನ್‌ಸೆಂಡನ ವಾರಸುದಾರರು ಎಡ್ ಶೀರನ್ ಎಂಬ ಗಾಯಕನ ಮೇಲೆ ಹೂಡಿದ್ದ ದಾವೆ ೨೦೨೩ರಲ್ಲಿ ಬಿದ್ದುಹೋಯಿತು. ಗಾಸ್ಪೆಲ್ ಗಾಯಕರ ಸೊತ್ತನ್ನು ಸೋಲ್ ಗಾಯಕರು ಎತ್ತಿಕೊಂಡಾಗ ಇಗರ್ಜಿಯ ಹಿರಿಯರು ಕೇಳಿದ್ದ ಪ್ರಶ್ನೆಯೇ ಅರ್ಧ ಶತಮಾನದ ಬಳಿಕ ನ್ಯಾಯಾಲಯದ ಭಾಷೆಯಲ್ಲಿ ಮರುಕಳಿಸಿದೆ.

ಇನ್ನು ಆರಂಭದ ಪ್ರಶ್ನೆ. ೧೯೭೧ರ ಕೃತಿಯ ಬೆನ್ನಿಗೆ ಡೆಟ್ರಾಯಿಟಿನ ವಾದ್ಯಗಾರರೂ ಗೆಳೆಯರೂ ಇದ್ದರು. ೧೯೮೨ರ ಹಾಡಿನ ಬೆನ್ನಿಗೆ ಒಸ್ಟೆಂಡಿನ ಶಾಂತಿಯೂ ಆತಿಥ್ಯವೂ ಇತ್ತು. 'ಹಿಯರ್, ಮೈ ಡಿಯರ್' ಒಂದು ಅಪವಾದದಂತೆ ಕಂಡರೂ, ಅಲ್ಲಿಯೂ ಗೆದ್ದುದು ಇಪ್ಪತ್ತು ವರ್ಷಗಳ ಕಸುಬಿನ ಸಂಸ್ಕಾರ. ಚಟ ಮತ್ತು ಭ್ರಮೆಗಳದೇ ಮೇಲುಗೈಯಾದ ೧೯೭೯ರಿಂದ ೮೧ರವರೆಗಿನ ಮತ್ತು ೧೯೮೩ರ ಅನಂತರದ ಕಾಲ ಹೆಚ್ಚುಕಡಮೆ ಬರಿದು. ನೋವು ಅವನ ಹಾಡಿಗೆ ವಸ್ತುವನ್ನು ಕೊಟ್ಟಿತು, ನಿಜ. ಹಾಡುವ ಶಕ್ತಿಯನ್ನು ಕೊಟ್ಟುದು ಅಭ್ಯಾಸ, ಸಹವಾಸ ಮತ್ತು ನೆಮ್ಮದಿ. ಅವನ ಸಂಕಟವನ್ನೇ ಪೂಜಿಸುವವರು ಅವನ ದುಡಿಮೆಯನ್ನೂ, ಅವನ ಜೊತೆಗಾರರ ದುಡಿಮೆಯನ್ನೂ ಮರೆಯುತ್ತಾರೆ. ಅಂಥ ಕಂಠವೊಂದು ಮತ್ತೆ ಎಲ್ಲಿಯಾದರೂ ಹುಟ್ಟಿಬಂದರೆ, ಅದರ ಸುತ್ತಲಿನವರು ಒದಗಿಸಬೇಕಾದುದು ಒಂದು ಒಳ್ಳೆಯ ಕೂಟವನ್ನು, ಪ್ರಾಮಾಣಿಕವಾದ ಲೆಕ್ಕಪತ್ರವನ್ನು, ಸಕಾಲದ ವೈದ್ಯವನ್ನು. ಹಾಡಲು ಬೇಕಾದ ದುಃಖ ಯಾವ ಬಾಳಿನಲ್ಲಿಯೂ ಹೇಗೂ ಇದ್ದೇ ಇರುತ್ತದೆ.